ಅಭ್ಯಾಸದ ಹಾಳೆ ಬರೆದಿಟ್ಟವರಿಗೆ

ಹೆಸರು ಹಾಕದೆ ಆ ಒಂದು ಹಾಳೆ ಬರೆದಿಟ್ಟವರೇ, ನಿಮಗೆ ಹಾಡು ಕಲಿಯುವ ನಮ್ಮೆಲ್ಲರ ಮನಸಾರೆ ಧನ್ಯವಾದ. ಎರಡು ಪಾಠಗಳ ನಡುವೆ ಒಬ್ಬರೇ ಕೂತು ಹಾಡುವಾಗ ತಿದ್ದುವ ಕಿವಿ ಪಕ್ಕದಲ್ಲಿರುವುದಿಲ್ಲ, ತಪ್ಪೇ ರೂಢಿಯಾಗಿಬಿಡುತ್ತದೆ. ಐದು ನಿಮಿಷ ಹಾಡಿ, ರೆಕಾರ್ಡ್ ಮಾಡಿ, ಕೂಡಲೇ ಕೇಳಿ ಎಂದಿರಿ. ಸರಿಯಾದ ಮದ್ದು.

ಸ್ಟ್ರಾ ಅಭ್ಯಾಸದ ವಿವರವಂತೂ ಅಪ್ಪಟ ಚಿನ್ನ. ಲೋಟದಲ್ಲಿ ಅರ್ಧ ನೀರು. ಸ್ಟ್ರಾದ ತುದಿ 2-3 ಸೆಂಟಿಮೀಟರ್ ಮಾತ್ರ ಮುಳುಗಬೇಕು. ಸ್ಟ್ರಾದ ಸುತ್ತ ತುಟಿ ಬಿಗಿಯಾಗಿ ಮುಚ್ಚಿ, ಅದರೊಳಗೆ 'ಊ' ಎನ್ನುತ್ತಾ ಕೆಳಗಿನ ಸ್ವರದಿಂದ ಮೇಲಕ್ಕೆ ಜಾರಿ ಮತ್ತೆ ಇಳಿಯಬೇಕು. ಗುಳ್ಳೆಗಳು ಒಂದೇ ಸಮ ಎದ್ದರೆ ಉಸಿರು ಸಮವಾಗಿದೆ. ಮೇಲಿನ ಸ್ವರದಲ್ಲಿ ತಟ್ಟನೆ ನಿಂತರೆ ಗಂಟಲು ಬಿಗಿದಿರಬಹುದು. ನೀರು ಭರ್ರನೆ ಉಕ್ಕಿದರೆ ಗಾಳಿ ಅತಿಯಾಗಿ ನೂಕುತ್ತಿದ್ದೇವೆ. ಬಾಯೊಳಗೆ ಹಿಂದಕ್ಕೆ ಒತ್ತುವ ಗಾಳಿಯಿಂದಾಗಿ ಧ್ವನಿತಂತುಗಳು ಮೆತ್ತಗೆ ಕೂಡುತ್ತವೆ ಎಂಬ ಕಾರಣವನ್ನೂ ಬರೆದಿರಿ. ನಡುವೆ ಮೂಗು ಹಿಡಿದು ನೋಡಿ, ದನಿ ಬದಲಾದರೆ ಗಾಳಿ ಮೂಗಿನಿಂದ ಸೋರುತ್ತಿದೆ ಎಂದದ್ದು ಎಷ್ಟು ಉಪಯುಕ್ತ!

ಕೀಬೋರ್ಡ್ ಜೊತೆಜೊತೆಗೇ ಹಾಡಬೇಡಿ ಎಂದದ್ದೂ ನಿಜ. ಸ್ವರ ಒತ್ತಿ, ಕೇಳಿ, ಬೆರಳು ತೆಗೆದು, ಮನಸ್ಸಿನಲ್ಲಿ ಹಿಡಿದು ಆಮೇಲೆ ಹಾಡಬೇಕು. ಇಲ್ಲದಿದ್ದರೆ ವಾದ್ಯದ ದನಿ ನಮ್ಮ ಶ್ರುತಿದೋಷವನ್ನು ಮುಚ್ಚಿಬಿಡುತ್ತದೆ. ಒಂದೇ ಪಟ್ಟಿಗೆ ಒಂದು ಗಂಟೆ ಹಾಡುವುದಕ್ಕಿಂತ 15 ನಿಮಿಷದಂತೆ ಎರಡು ಸಲ ಸಾಕು. ಗಂಟಲು ಕೆರೆದರೆ, ದನಿ ಒಡೆದರೆ ಅಲ್ಲಿಗೇ ನಿಲ್ಲಿಸಬೇಕು.

ನಿಮ್ಮ ಹಾಳೆಯ ಪ್ರತಿ ಈಗ ನಮ್ಮೆಲ್ಲರ ಪುಸ್ತಕದೊಳಗಿದೆ.