ಮೆಸೇಜು ವಾಪಸ್ ತರುತ್ತೇವೆ ಎನ್ನುವವರ ಕೈಗೆ ಫೋನು ಕೊಡುವ ಮೊದಲು

ಮಾನ್ಯ ಸಂಪಾದಕರೇ,

ಕಳೆದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು. ಅವರು ಕೊನೆತನಕ ಕೀಪ್ಯಾಡ್ ಫೋನನ್ನೇ ಇಟ್ಟುಕೊಂಡಿದ್ದರು. ಅಡಿಕೆ ಮಂಡಿಗೆ ಹೋದಾಗಲೆಲ್ಲ ಅಮ್ಮನಿಗೆ ಒಂದು ಎಸ್ಸೆಮ್ಮೆಸ್ ಬರುತ್ತಿತ್ತು. "ರಾಶಿ ರೇಟು ಇಳಿದಿದೆ, ಇವತ್ತು ಕೊಡಲ್ಲ, ಊಟಕ್ಕೆ ಬರ್ತೇನೆ." ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಕನ್ನಡ. ಅಪ್ಪ ಹೋದ ಮೇಲೆ ಅಮ್ಮ ರಾತ್ರಿ ಮಲಗುವ ಮುಂಚೆ ಅದನ್ನೇ ತೆಗೆದು ಓದುತ್ತಿದ್ದರು. ಒಂದು ದಿನ ಅಮ್ಮನ ಸ್ಮಾರ್ಟ್‌ಫೋನಿನಲ್ಲಿ ಜಾಗ ಇಲ್ಲ ಅಂತ ತೋರಿಸಿತು. ಕಂಪನಿಗಳ ಜಾಹೀರಾತು ಮೆಸೇಜು ಅಳಿಸಲು ಹೋದ ಅಮ್ಮನ ಕೈಯಲ್ಲಿ ಅಪ್ಪನ ಮೆಸೇಜೂ ಅಳಿಸಿಹೋಯಿತು.

ಗಾಬರಿಯಲ್ಲಿ ನಾನು ಮಾಡಿದ ತಪ್ಪನ್ನು ಬೇರೆಯವರು ಮಾಡಬಾರದು ಅಂತ ಈ ಪತ್ರ ಬರೆಯುತ್ತಿದ್ದೇನೆ. ಪೇಟೆಯ ಒಂದು ಮೊಬೈಲ್ ಅಂಗಡಿಗೆ ಹೋದೆ. "ಡಿಲೀಟ್ ಆಗಿದ್ದೆಲ್ಲ ತೆಗೆದುಕೊಡ್ತೇವೆ, ಎರಡು ಸಾವಿರ ಆಗುತ್ತೆ" ಅಂದರು. ಫೋನು, ಲಾಕಿನ ಪಿನ್ನು ಎರಡನ್ನೂ ಕೊಟ್ಟು ಬಂದೆ. ಯಾವುದೋ ರಿಕವರಿ ಆ್ಯಪ್ ಹಾಕಿದರು, ಏನೂ ಸಿಗಲಿಲ್ಲ. ಆಮೇಲೆ ನಮ್ಮನ್ನು ಒಂದು ಮಾತೂ ಕೇಳದೆ ರೀಸೆಟ್ ಮಾಡಿದರು, ಅಂದರೆ ಒಳಗಿದ್ದದ್ದನ್ನೆಲ್ಲ ಅಳಿಸಿ ಹೊಸ ಫೋನಿನ ಹಾಗೆ ಮಾಡಿದರು. ಅಪ್ಪನ ಕೆಲವು ಫೋಟೋಗಳೂ ಅದರ ಜೊತೆಗೇ ಹೋದವು.

ಮೊದಲು ತಿಳಿಯಬೇಕಾದದ್ದು, ಕಾಣದ ಮೆಸೇಜೆಲ್ಲ ಅಳಿಸಿದ ಮೆಸೇಜಲ್ಲ. ಎಷ್ಟೋ ಸಲ ಅದು ಫೋನಿನಲ್ಲೇ ಬೇರೆ ಕಡೆ ಕೂತಿರುತ್ತದೆ. ಎಸ್ಸೆಮ್ಮೆಸ್ ನೋಡುವ ಗೂಗಲ್ ಮೆಸೇಜಸ್ ಆ್ಯಪ್‌ನಲ್ಲಿ ಬೆರಳು ಒಂಚೂರು ಪಕ್ಕಕ್ಕೆ ಜಾರಿದರೂ ಮಾತುಕತೆ ಆರ್ಕೈವ್ ಅನ್ನುವ, ಪಟ್ಟಿಯಿಂದ ತೆಗೆದು ಪಕ್ಕಕ್ಕಿಡುವ ಜಾಗ ಸೇರಿಬಿಡಬಹುದು. ಸ್ಪ್ಯಾಮ್ ಮತ್ತು ಬ್ಲಾಕ್ ಮಾಡಿದ ನಂಬರುಗಳಿಗೆ ಬೇರೆಯೇ ಜಾಗ ಇದೆ. ಸ್ಯಾಮ್‌ಸಂಗ್‌ನ ಮೆಸೇಜ್ ಆ್ಯಪ್‌ನಲ್ಲಿ ರೀಸೈಕಲ್ ಬಿನ್ ಇದೆ, ಅಲ್ಲಿ 30 ದಿನ ಇರುತ್ತದೆ. ಐಫೋನಿನಲ್ಲಿ 2022ರಲ್ಲಿ ಬಂದ ಐಒಎಸ್ 16ರಿಂದ 'ರೀಸೆಂಟ್ಲಿ ಡಿಲೀಟೆಡ್' ಅನ್ನುವ ಜಾಗ ಇದೆ, ಅಲ್ಲೂ ಸುಮಾರು ಒಂದು ತಿಂಗಳು ಉಳಿದಿರುತ್ತದೆ. ಇನ್ನು ಒಟಿಪಿ ಕಾಣೆಯಾಯಿತು ಅಂತ ಹೆದರುವವರು ಒಂದು ಸೆಟ್ಟಿಂಗ್ ನೋಡಬೇಕು. 24 ಗಂಟೆಯಾದ ಮೇಲೆ ಒಟಿಪಿಯನ್ನು ತಾನಾಗಿ ಅಳಿಸುವ ಅನುಕೂಲ ಗೂಗಲ್ ಮೆಸೇಜಸ್‌ನಲ್ಲಿ ಇದೆ, ಅದು ಆನ್ ಆಗಿರಬಹುದು. ವಾಟ್ಸ್‌ಆ್ಯಪ್‌ನಲ್ಲಂತೂ ಆರ್ಕೈವ್ ಬೇರೆ, ಚಾಟಿಗೆ ಬೀಗ ಹಾಕುವ, 2023ರಲ್ಲಿ ಬಂದ ಚಾಟ್ ಲಾಕ್ ಬೇರೆ. ಲಾಕ್ ಮಾಡಿದ ಚಾಟಿಗೆ ಗುಟ್ಟಿನ ಕೋಡ್ ಇಟ್ಟು ಮರೆಮಾಡಿದ್ದರೆ, ಹುಡುಕುವ ಜಾಗದಲ್ಲಿ ಆ ಕೋಡ್ ಬರೆಯುವವರೆಗೂ ಅದು ಕಾಣುವುದೇ ಇಲ್ಲ.

ಇಷ್ಟು ನೋಡಲು ಹತ್ತು ನಿಮಿಷ ಸಾಕು, ದುಡ್ಡು ಬೇಡ. ಅಂಗಡಿಯಲ್ಲಿ ಯಾರೂ ನನಗೆ ಇದನ್ನು ಹೇಳಲಿಲ್ಲ.

ನಿಜವಾಗಿ ಅಳಿಸಿದ್ದರ ಕಥೆ ಬೇರೆ. ಮೆಸೇಜು ಅಳಿಸಿದಾಗ ಫೋನು ಅದರ ಜಾಗ ಖಾಲಿ ಅಂತ ಗುರುತು ಹಾಕಿಕೊಳ್ಳುತ್ತದೆ ಅಷ್ಟೇ, ಹಳೆಯದು ಸ್ವಲ್ಪ ಹೊತ್ತು ಅಲ್ಲೇ ಉಳಿದಿರಬಹುದು. ಹೊಸ ಮೆಸೇಜು ಬಂದು ಅದರ ಮೇಲೆ ಕೂತರೆ ಮುಗಿಯಿತು. ಅದಕ್ಕೇ ಅಳಿಸಿದ್ದು ಗೊತ್ತಾದ ತಕ್ಷಣ ಫೋನು ಬಳಸುವುದನ್ನು ನಿಲ್ಲಿಸಬೇಕು, ಹೊಸ ಆ್ಯಪ್ ಅಂತೂ ಹಾಕಲೇಬಾರದು. ಈಗಿನ ಫೋನುಗಳಲ್ಲಿ ಎಲ್ಲವೂ ಗುಪ್ತಲಿಪಿಯಲ್ಲಿ ಇರುತ್ತದೆ. ಮಾಮೂಲಿ ಆ್ಯಪ್‌ಗೆ ಆ ಖಾಲಿ ಜಾಗಕ್ಕೆ ಕೈ ಹಾಕಲು ಆಗುವುದೇ ಇಲ್ಲ. ರೀಸೆಟ್ ಮಾಡಿದರೆ ಆ ಲಿಪಿಯ ಬೀಗದ ಕೈಯೂ ಹೋಗುತ್ತದೆ. ನಮ್ಮ ಫೋನಿನಲ್ಲಿ ಇದ್ದ ಚೂರುಪಾರು ಆಸೆಯೂ ಹೋಗಿದ್ದು ಹೀಗೆ. ಗೂಗಲ್ ಬ್ಯಾಕಪ್ (ಗೂಗಲ್ ಖಾತೆಯಲ್ಲಿ ಇಟ್ಟ ನಕಲು) ಇದ್ದವರು ಫೋನನ್ನು ಹೊಸದಾಗಿ ಹೊಂದಿಸುವಾಗ ಎಸ್ಸೆಮ್ಮೆಸ್ ವಾಪಸ್ ಪಡೆಯಬಹುದು, ಆದರೆ ಆ ಬ್ಯಾಕಪ್ ಅಳಿಸುವ ಮೊದಲಿನದ್ದು ಆಗಿರಬೇಕು. ಅಮ್ಮನ ಫೋನಿನಲ್ಲಿ ಬ್ಯಾಕಪ್ ಆನ್ ಮಾಡಿಯೇ ಇರಲಿಲ್ಲ, ಅದು ನನ್ನ ತಪ್ಪು. ಸಿಮ್ ಕಂಪನಿಯವರನ್ನು ಕೇಳೋಣ ಅನ್ನುವವರಿಗೆ ಒಂದು ಮಾತು. ಯಾರು ಯಾರಿಗೆ ಯಾವಾಗ ಕರೆ, ಮೆಸೇಜು ಮಾಡಿದರು ಅನ್ನುವ ದಾಖಲೆಯನ್ನು ಅವರು ಎರಡು ವರ್ಷವಾದರೂ ಇಡಬೇಕು ಅಂತ 2021ರ ಡಿಸೆಂಬರಿನಿಂದ ನಿಯಮ ಇದೆ. ಆ ದಾಖಲೆಯಲ್ಲಿ ಮೆಸೇಜಿನ ಒಳಗಿನ ಮಾತು ಇರುವುದಿಲ್ಲ.

ನನಗೆ ಜಾಸ್ತಿ ಭಯ ಹುಟ್ಟಿಸುವುದು ರಿಕವರಿ ಆ್ಯಪ್‌ಗಳು. ಅವು ಮೊದಲು ಕೇಳುವುದೇ ಎಸ್ಸೆಮ್ಮೆಸ್ ಓದುವ ಅನುಮತಿ. ನಮ್ಮ ಬ್ಯಾಂಕಿನ ಒಟಿಪಿ ಬರುವುದೂ ಎಸ್ಸೆಮ್ಮೆಸ್‌ನಲ್ಲೇ ಅಲ್ವಾ? ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚೀಟಿ ಅಂತ ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲು (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲು) ಕಳಿಸಿ ಖಾತೆ ಖಾಲಿ ಮಾಡುವವರೂ ಇದೇ ಅನುಮತಿಯನ್ನೇ ಬಳಸುತ್ತಾರೆ. ಅಂಥ ಆ್ಯಪ್ ಹಾಕಿ ದುಡ್ಡು ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಇನ್ನೊಂದು ವಿಷಯ. ಗಂಡನ ಫೋನು, ಹೆಂಡತಿಯ ಫೋನು, ಓದುವ ಮಗಳ ಫೋನು ತಂದು "ಇದರಲ್ಲಿ ಏನು ಮುಚ್ಚಿಟ್ಟಿದ್ದಾರೆ ತೆಗೆದುಕೊಡಿ" ಅನ್ನುವವರೂ ಇದ್ದಾರೆ. ಆ ಅಂಗಡಿಯಲ್ಲಿ ಕಾಯುತ್ತಾ ಕೂತಾಗಲೇ ಅಂಥ ಒಬ್ಬರನ್ನು ಕಂಡೆ. ಇದು ಸರಿಯಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಆ ಅರ್ಜಿ ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಬೆದರಿಕೆ, ಕಿರುಕುಳದ ಮೆಸೇಜು ಸಾಕ್ಷಿಗೆ ಬೇಕಾಗಿದ್ದರೆ ಅಂಗಡಿಗೆ ಹೋಗಬೇಡಿ, ಫೋನನ್ನು ಇದ್ದ ಹಾಗೇ ಪೊಲೀಸರಿಗೆ ಒಪ್ಪಿಸಿ. ಅವರು ಅದನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಬಹುದು. ಸುಮ್ನೆ ಯಾರ್‍ಯಾರೋ ಕೈ ಆಡಿಸಿದ ಫೋನು ಕೋರ್ಟಿನಲ್ಲಿ ಪ್ರಶ್ನೆಗೆ ಸಿಗುತ್ತದೆ.

ಫೋನ್ ಕಂಪನಿಗಳಿಗೆ ನನ್ನ ಒಂದೇ ಬೇಡಿಕೆ. ಅಳಿಸಿದ್ದು 30 ದಿನ ಉಳಿಯುವ ಬುಟ್ಟಿ ಎಲ್ಲಾ ಫೋನಿನಲ್ಲೂ ಮೊದಲಿನಿಂದಲೇ ಆನ್ ಆಗಿರಲಿ, "ಅಳಿಸಲೇ?" ಅನ್ನುವ ಪ್ರಶ್ನೆ ನಮ್ಮ ಅಮ್ಮನಂಥವರಿಗೆ ಅರ್ಥವಾಗುವ ಕನ್ನಡದಲ್ಲಿ ಬರಲಿ. ರಿಪೇರಿ ಅಂಗಡಿಯವರು ರೀಸೆಟ್ ಮಾಡುವ ಮುಂಚೆ ಒಂದು ಚೀಟಿಯಲ್ಲಿ ಸಹಿ ತೆಗೆದುಕೊಳ್ಳಲಿ. ತಮ್ಮ ಪತ್ರಿಕೆಯೂ ಇದರ ಬಗ್ಗೆ ಚಿತ್ರಗಳ ಸಮೇತ ಅರ್ಧ ಪುಟ ಕೊಟ್ಟರೆ ತುಂಬಾ ಮನೆಗಳಿಗೆ ಉಪಕಾರವಾಗುತ್ತದೆ.

ಮೆಸೇಜಿಗೆ ಎರಡು ತುದಿ ಇರುತ್ತದೆ ಅನ್ನುವುದು ನನಗೆ ಹೊಳೆದದ್ದು ತಿಂಗಳಾದ ಮೇಲೆ. ಅಪ್ಪನ ಕೀಪ್ಯಾಡ್ ಫೋನು ಬೀರುವಿನಲ್ಲೇ ಇತ್ತು, ಬ್ಯಾಟರಿ ಉಬ್ಬಿಹೋಗಿತ್ತು. ಹೊಸ ಬ್ಯಾಟರಿ ತಂದು ಹಾಕಿದೆವು. ಕಳಿಸಿದ ಮೆಸೇಜುಗಳ ಪೆಟ್ಟಿಗೆಯಲ್ಲಿ ಐವತ್ತಕ್ಕೂ ಹೆಚ್ಚು ಉಳಿದಿದ್ದವು. ಅಮ್ಮ ಅವನ್ನೆಲ್ಲ ಒಂದೊಂದಾಗಿ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಾರೆ, ತಾರೀಖಿನ ಸಮೇತ.

ಒಬ್ಬ ಓದುಗ, ಸಾಗರ