ನಿಜ್ವಾದಿಂದ ತಂಗಿಗೆ

ನಿಜ್ವಾ, ಒಮಾನ್

ಚಿರಂಜೀವಿ ತಂಗಿಗೆ ಅಣ್ಣನ ಆಶೀರ್ವಾದಗಳು.

ನಾನಿಲ್ಲಿ ಕ್ಷೇಮ. ಅಪ್ಪ, ಅವ್ವ ಮತ್ತು ನೀನು ಕ್ಷೇಮವೆಂದು ನಂಬಿದ್ದೇನೆ. ಈ ಪತ್ರವನ್ನು ಅವರಿಬ್ಬರನ್ನೂ ಕೂರಿಸಿಕೊಂಡು ಓದಿ ಹೇಳು, ನಡುವೆ ಅವರಿಗೆಂದೇ ಬರೆದ ಮಾತುಗಳಿವೆ.

ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾಲ್ಕು ಮಾತಿನಲ್ಲಿ ಉತ್ತರ ಹೇಳುವುದು ಸಾಧ್ಯವಿರಲಿಲ್ಲ. ಕನ್ನಡ ಶಾಲೆಯಲ್ಲಿ ಕಲಿತು, ಐಟಿಐ ಮುಗಿಸಿ, ಪಂಪ್ ರಿಪೇರಿಗೆಂದು ಇಲ್ಲಿಗೆ ಬಂದವನು ಇಂಗ್ಲಿಷ್ ಪುಸ್ತಕ ಓದುವುದನ್ನು ಹೇಗೆ ಕಲಿತೆ ಎಂದು ಕೇಳಿದ್ದೆ. ವಿಜಯಪುರದ ಪಕ್ಕದ ತೊರವಿಯ ಕ್ಯಾಂಪಸ್ಸಿನಲ್ಲಿ ಗೆಳತಿಯರು ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಯುವಾಗ ನಿನಗೆ ಹಿಂಜರಿಕೆಯಾಗುತ್ತದೆ ಎಂದೂ ಹೇಳಿದೆ. ಅದನ್ನು ಕೇಳಿದಂದಿನಿಂದ ಈ ಪತ್ರ ಮನಸ್ಸಿನಲ್ಲೇ ಇದೆ. ನಾನು ಮರುಭೂಮಿಗಳ ಬಗ್ಗೆ ಓದುತ್ತ ಹೋದೆ, ಇಂಗ್ಲಿಷ್ ಅದರ ಬೆನ್ನು ಹತ್ತಿ ಬಂತು.

ಇಲ್ಲಿನ ಹಳೆಯ ಪುಸ್ತಕಗಳ ಅಂಗಡಿಯಲ್ಲಿ ಮಕ್ಕಳಿಗಾಗಿ ಬರೆದ ಒಂದು ಸಚಿತ್ರ ಪುಸ್ತಕ ಸಿಕ್ಕಿತು. ಕಣ್ಣೆದುರಿಗೇ ಇರುವ ನೆಲದ ಬಗ್ಗೆ ತಿಳಿಯುವ ಆಸೆಯಿಂದ ಕೊಂಡೆ. ಮೊದಲ ಪುಟದಲ್ಲೇ ಬೆರಗು ಕಾದಿತ್ತು. ಮರುಭೂಮಿ ಎಂದು ಹೆಸರಿಡುವುದು ಮರಳನ್ನು ನೋಡಿಯೂ ಅಲ್ಲ, ಬಿಸಿಲನ್ನು ನೋಡಿಯೂ ಅಲ್ಲ, ಮಳೆಯನ್ನು ಅಳೆದು. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಬಿದ್ದರೆ ಅದು ಮರುಭೂಮಿ. ಆ ಲೆಕ್ಕದಲ್ಲಿ ಜಗತ್ತಿನ ಅತಿ ದೊಡ್ಡ ಮರುಭೂಮಿ ಹಿಮದ ಅಂಟಾರ್ಕ್ಟಿಕಾ, ಸುಮಾರು 1.4 ಕೋಟಿ ಚದರ ಕಿಲೋಮೀಟರ್. ಸಹಾರಾ ಸುಮಾರು 92 ಲಕ್ಷ ಚದರ ಕಿಲೋಮೀಟರ್. ಅದರಲ್ಲಿಯೂ ಮರಳಿನ ದಿಬ್ಬಗಳಿರುವುದು ಹೆಚ್ಚೆಂದರೆ ಕಾಲು ಭಾಗ, ಉಳಿದದ್ದೆಲ್ಲ ಬಂಡೆ, ಜಲ್ಲಿ, ಬೋಳು ಗುಡ್ಡ. ಬರಗಾಲದ ವರ್ಷಗಳಲ್ಲಿ ಅಪ್ಪ ನಮ್ಮ ಹೊಲವನ್ನು ಮರುಭೂಮಿ ಎಂದು ಕರೆಯುತ್ತಿದ್ದರಲ್ಲ, ಅವರಿಗೆ ಹೇಳು: ವಿಜಯಪುರ ಜಿಲ್ಲೆಗೆ ಸರಾಸರಿ ಆರುನೂರು ಮಿಲಿಮೀಟರಿನ ಆಸುಪಾಸು ಮಳೆಯಾಗುತ್ತದೆ. ಅದು ಮರುಭೂಮಿಯ ಗೆರೆಯ ಎರಡು ಪಟ್ಟಿಗಿಂತ ಹೆಚ್ಚು. ನಮ್ಮ ಎರೆ ಭೂಮಿ ಆ ಮಳೆಯನ್ನು ಒಡಲಲ್ಲಿ ಹಿಡಿದಿಟ್ಟುಕೊಂಡು, ಬರೀ ತೇವದ ಮೇಲೆ ಹಿಂಗಾರಿ ಜೋಳವನ್ನು ತೆನೆಗೆ ತರುತ್ತದೆ. ಇಲ್ಲಿನ ಕಲ್ಲು ನೆಲವನ್ನು ನೋಡಿದ ಮೇಲೆ ನನಗೆ ಆ ಕಪ್ಪು ಮಣ್ಣಿನ ಮೇಲೆ ಭಕ್ತಿಯೇ ಹುಟ್ಟಿದೆ.

ಇಂಗ್ಲಿಷಿನ ಮಾತಿಗೆ ಬರುತ್ತೇನೆ. ಕನ್ನಡದಲ್ಲಿ ಸಾಮಾನ್ಯವಾಗಿ ಕಾರಣ ಮೊದಲು, ಫಲ ಆಮೇಲೆ, ಕ್ರಿಯಾಪದ ಎಲ್ಲಕ್ಕೂ ಕೊನೆಗೆ. ಇಂಗ್ಲಿಷಿನಲ್ಲಿ ಫಲವನ್ನು ಮೊದಲು ಹೇಳಿ ಕಾರಣವನ್ನು ಹಿಂದೆ ಕಟ್ಟುವುದೇ ಹೆಚ್ಚು. ಇದನ್ನು ಶಾಲೆಯಲ್ಲಿ ವ್ಯಾಕರಣವಾಗಿ ಹೇಳಿದಾಗ ನನ್ನ ತಲೆಗೆ ಹತ್ತಿರಲಿಲ್ಲ. ಚಿಲಿ ದೇಶದ ಅಟಕಾಮಾ ಮರುಭೂಮಿಯ ಪುಟ ಓದುವಾಗ ಹತ್ತಿತು. ಪೂರ್ವದಿಂದ ಬರುವ ತೇವದ ಗಾಳಿಯನ್ನು ಆಂಡೀಸ್ ಪರ್ವತ ತಡೆಯುತ್ತದೆ. ಪಶ್ಚಿಮದ ಕಡಲಿನಲ್ಲಿ ಹಂಬೋಲ್ಟ್ ಎಂಬ ತಣ್ಣನೆಯ ಪ್ರವಾಹ ಹರಿಯುವುದರಿಂದ ಅದರ ಮೇಲಿನ ಗಾಳಿ ತಣ್ಣಗಾಗಿ ಕೆಳಗೇ ಉಳಿಯುತ್ತದೆ. ಮಂಜು ಕವಿಯುತ್ತದೆ, ಮಳೆಯ ಮೋಡ ಕಟ್ಟುವುದಿಲ್ಲ. ಅಲ್ಲಿನ ಅರಿಕಾ ಪಟ್ಟಣದಲ್ಲಿ ವರ್ಷದ ಸರಾಸರಿ ಮಳೆ ಒಂದು ಮಿಲಿಮೀಟರ್ ಸಹ ಇಲ್ಲ. ಪರ್ವತ ಮಳೆಯನ್ನು ತಡೆಯುವ ಸಂಗತಿ ನಮಗೆ ಹೊಸದೇನು? ಸಹ್ಯಾದ್ರಿಯ ಖಾನಾಪುರದ ಕಾಡಿನಲ್ಲಿ ಧೋ ಎಂದು ಸುರಿಯುವ ಮೋಡ ಅಥಣಿ ದಾಟುವಷ್ಟರಲ್ಲಿ ಬರಿದಾಗಿರುತ್ತದೆ. ಸಂಗತಿ ಮೊದಲೇ ಗೊತ್ತಿದ್ದುದರಿಂದ ವಾಕ್ಯ ಯಾವ ತುದಿಯಿಂದ ಶುರುವಾದರೂ ನಾನು ದಾರಿ ತಪ್ಪಲಿಲ್ಲ. ಗಾಳಿ ಏರುತ್ತದೆ, ಏರಿದ ಗಾಳಿ ತಣ್ಣಗಾಗುತ್ತದೆ, ತಣ್ಣಗಾದ ಗಾಳಿ ನೀರನ್ನು ಬಿಡುತ್ತದೆ: ಒಂದು ವಾಕ್ಯದ ಬಾಲ ಮುಂದಿನದರ ತಲೆಯಾಗುತ್ತಿತ್ತು. ಆಮೇಲೆ ಭೂಮಧ್ಯರೇಖೆಯ ಮೇಲೆ ಏರಿದ ಗಾಳಿ ಅಲ್ಲಿ ಮಳೆ ಸುರಿಸಿ, ಉತ್ತರ ದಕ್ಷಿಣಗಳಲ್ಲಿ 30 ಡಿಗ್ರಿಯ ಸುತ್ತಮುತ್ತ ಒಣಗಿ ಇಳಿಯುವ ಪಾಠವನ್ನು ಓದಿದೆ. ಸಹಾರಾ ಮತ್ತು ಅರಬ್ ಮರುಭೂಮಿಗಳ ಬರಡುತನಕ್ಕೆ ಅದೇ ಮುಖ್ಯ ಕಾರಣ. ಆ ಪುಟಕ್ಕೆ ನಿಘಂಟು ಬೇಕಾಗಲಿಲ್ಲ.

ಒಂದೇ ವಿಷಯದ ಮೇಲೆ ಪುಸ್ತಕದ ಮೇಲೆ ಪುಸ್ತಕ ಓದಿದರೆ ಅವೇ ಪದಗಳು ಮತ್ತೆ ಮತ್ತೆ ಎದುರಾಗುತ್ತವೆ. ದಿಬ್ಬ, ಸವೆತ, ಆವಿ, ಅಂತರ್ಜಲ, ಇಳಿಜಾರು ಎಲ್ಲವೂ ಮೊದಲ ಪುಸ್ತಕದಲ್ಲಿ ಅಪರಿಚಿತ, ಮೂರನೆಯದರಲ್ಲಿ ಮನೆಯವರು. ಇವತ್ತು ಕಥೆ, ನಾಳೆ ಪತ್ರಿಕೆ, ನಾಡಿದ್ದು ವ್ಯಾಕರಣ ಎಂದು ಹಾರುತ್ತಿದ್ದರೆ ಯಾವ ಪದವೂ ನನ್ನ ಬಳಿ ನಿಲ್ಲುತ್ತಿರಲಿಲ್ಲ.

ಈಗ ನಿನಗಾಗಿಯೇ ಕೂಡಿಟ್ಟ ಸಂಗತಿ. ನಾನು ಕೆಲಸ ಮಾಡುವ ಖರ್ಜೂರದ ತೋಟಗಳ ನಡುವೆ ಫಲಜ್ ಎಂಬ ನೀರಿನ ಕಾಲುವೆಗಳು ಹರಿಯುತ್ತವೆ. ಬೆಟ್ಟದ ಬುಡದಲ್ಲಿ ಅಂತರ್ಜಲ ಸಿಗುವವರೆಗೆ ಒಂದು ತಾಯಿಬಾವಿ ತೋಡುತ್ತಾರೆ. ಅಲ್ಲಿಂದ ಊರಿನವರೆಗೆ ನೆಲದೊಳಗೆ ಸುರಂಗ ಕೊರೆಯುತ್ತಾರೆ. ಅದರ ಇಳಿಜಾರು ಎಷ್ಟು ನವಿರಾಗಿರುತ್ತದೆಂದರೆ ನೀರು ಮಣ್ಣನ್ನು ಕೊಚ್ಚುವುದಿಲ್ಲ, ನಿಲ್ಲುವುದೂ ಇಲ್ಲ. ಮಣ್ಣನ್ನು ಮೇಲೆತ್ತುವುದಕ್ಕೆ, ಒಳಗಿಳಿದವರಿಗೆ ಗಾಳಿಯಾಡುವುದಕ್ಕೆ ಅಲ್ಲಲ್ಲಿ ಕಿಂಡಿಬಾವಿಗಳಿರುತ್ತವೆ. ಕರೆಂಟ್ ಇಲ್ಲ, ಪಂಪ್ ಇಲ್ಲ, ನೀರು ತನ್ನ ಭಾರದಿಂದಲೇ ಬರುತ್ತದೆ. ದಿನವಿಡೀ ಪಂಪ್ ಬಿಚ್ಚಿ ಕಟ್ಟುವ ನಾನು ಅದರ ಮುಂದೆ ನಿಂತು ಕೈ ಮುಗಿಯಬೇಕೆನ್ನಿಸುತ್ತದೆ. ಒಮಾನಿನಲ್ಲಿ ಇಂಥವು ಸಾವಿರಾರು ಇವೆ. 2006ರಲ್ಲಿ ಯುನೆಸ್ಕೊ ಅವುಗಳಲ್ಲಿ ಐದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ನಿಜ್ವಾದ ಫಲಜ್ ದಾರಿಸ್ ಆ ಐದರಲ್ಲಿ ಒಂದು. ನೀರಿನ ಪಾಳಿಯನ್ನು ಹಿಂದೆ ಹಗಲು ನೆರಳು ಅಳೆದು, ರಾತ್ರಿ ನಕ್ಷತ್ರ ನೋಡಿ ಹಂಚುತ್ತಿದ್ದರು.

ಇದನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದಾಗ ನನಗೆ ತೊರವಿ ಕಣ್ಣಿಗೆ ಕಟ್ಟಿತು. ನೀನು ದಿನವೂ ಬಸ್ಸಿನಲ್ಲಿ ಹೋಗಿ ಬರುವ ಆ ತೊರವಿಯಲ್ಲೇ ಸುರಂಗ ಬಾವಡಿ ಇದೆ. ಆದಿಲಶಾಹಿ ಅರಸರ ಕಾಲದಲ್ಲಿ ಅಲ್ಲಿಂದ ನೆಲದೊಳಗಿನ ಸುರಂಗದಲ್ಲಿ ವಿಜಯಪುರ ಶಹರಕ್ಕೆ ನೀರು ತಂದಿದ್ದರು, ಅದಕ್ಕೂ ಇಂಥವೇ ಕಿಂಡಿಗಳು. ಆಮೇಲೆ 1651ರಲ್ಲಿ ಮುಹಮ್ಮದ್ ಆದಿಲಶಾಹ ಬೇಗಂ ತಲಾಬ್ ಕಟ್ಟಿಸಿದ. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ಊರಲ್ಲಿ ಅಲ್ಲಲ್ಲಿ ಎತ್ತರವಾಗಿ ನಿಂತಿರುವ ಗಂಜ್‌ಗಳನ್ನು ನೀನು ನೋಡಿದ್ದೀಯ. ನೀರಿನ ಒತ್ತಡಕ್ಕೆ ಕೊಳವೆ ಒಡೆಯಬಾರದೆಂದು ಕಟ್ಟಿದ ಗೋಪುರಗಳವು. ಅವುಗಳ ನೆರಳಿನಲ್ಲಿ ಸೈಕಲ್ ನಿಲ್ಲಿಸಿ ಬೆಳೆದ ನಾನು ಅವು ಏನು ಮಾಡುತ್ತಿದ್ದವು ಎಂಬುದನ್ನು ಸಮುದ್ರದಾಚೆ ಕುಳಿತು ಓದಿ ತಿಳಿದೆ. ಪರ್ಷಿಯಾ ಕಡೆಯ ನೀರಿನ ವಿದ್ಯೆ ಒಂದು ಕವಲಾಗಿ ಇಲ್ಲಿಗೂ ಇನ್ನೊಂದು ಕವಲಾಗಿ ದಖ್ಖನಿಗೂ ಬಂದಿದೆಯೆಂದು ಬಲ್ಲವರು ಹೇಳುತ್ತಾರೆ. ನನಗದು ಊರಿನ ಸಂಬಂಧಿಕರನ್ನು ಪರದೇಶದಲ್ಲಿ ಕಂಡಂತೆ.

ಅಪ್ಪ, ಇದು ನಿಮಗೆ. ಫಲಜ್ ತಾನಾಗಿ ಹರಿದು ಬಂದಷ್ಟನ್ನೇ ಕೊಡುತ್ತದೆ, ಭೂಮಿಯ ಒಡಲಿನಿಂದ ಜಗ್ಗುವುದಿಲ್ಲ. ಸುತ್ತ ಕೊಳವೆಬಾವಿಗಳು ಹೆಚ್ಚಿ ಅಂತರ್ಜಲ ಕೆಳಗಿಳಿದ ಕಡೆ ಎಷ್ಟೋ ಫಲಜ್‌ಗಳು ಬತ್ತಿವೆ. ಮೇಲಿನ ಹೊಲದವರು ಇನ್ನೂ ಆಳಕ್ಕೆ ಕೊರೆಸಿದರೆಂದು ನಾವೂ ಸಾಲ ಮಾಡಿ ಕೊರೆಸುವುದು ಬೇಡ. ಆ ಹಣದಲ್ಲಿ ಕೃಷಿಹೊಂಡ ತೆಗೆಸೋಣ, ಒಡ್ಡುಗಳನ್ನು ಗಟ್ಟಿ ಮಾಡಿಸೋಣ. ನಾನು ಹಣ ಕಳಿಸುತ್ತೇನೆ.

ಅವ್ವನಿಗೆ ಒಂಟೆಯ ವಿಷಯ ಹೇಳು, ಅವಳಿಗೆ ಇಷ್ಟವಾಗುತ್ತದೆ. ಅದರ ಡುಬ್ಬದಲ್ಲಿರುವುದು ನೀರಲ್ಲ, ಕೊಬ್ಬು. ಬಾಯಾರಿದ ಒಂಟೆ ಹದಿನೈದು ನಿಮಿಷದೊಳಗೆ ನೂರು ಲೀಟರ್ ನೀರು ಕುಡಿಯಬಲ್ಲದು. ಅವಳು ಗುರುವಾರ ಹಾಕುವ ಲೋಬಾನದ ಜಾತಿಯ ಧೂಪದ ಮರ ಈ ದೇಶದ ದಕ್ಷಿಣದ ದೋಫಾರ್ ಸೀಮೆಯಲ್ಲಿ ಬೆಳೆಯುತ್ತದೆ. ನಮ್ಮೂರಿಗೆ ಮುಂಗಾರು ತರುವ ನೈಋತ್ಯ ಮಾರುತವೇ ಅಲ್ಲಿನ ಗುಡ್ಡಗಳನ್ನೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಸಿರು ಮಾಡುತ್ತದೆ.

ತಂಗಿ, ನೀನು ಮರುಭೂಮಿಯನ್ನೇ ಹಿಡಿಯಬೇಕೆಂದಿಲ್ಲ. ನಿನಗೆ ನಿಜವಾಗಿ ತಿಳಿಯಬೇಕೆನ್ನಿಸುವ ವಿಷಯ ಒಂದಿರಲಿ. ದ್ರಾಕ್ಷಿಯೋ, ಗೋಳಗುಮ್ಮಟದ ಪ್ರತಿಧ್ವನಿಯೋ, ಆಲಮಟ್ಟಿಯೋ. ಅದರ ಮೇಲೆ ಮಕ್ಕಳಿಗೆ ಬರೆದ ಪುಸ್ತಕದಿಂದ ಶುರು ಮಾಡು. ಮೊದಲು ಚಿತ್ರ, ನಕ್ಷೆ, ಅಂಕಿಗಳನ್ನು ನೋಡಿ ಪುಟ ಏನು ಹೇಳುತ್ತಿರಬಹುದೆಂದು ಕನ್ನಡದಲ್ಲಿ ಯೋಚಿಸಿ, ಆಮೇಲೆ ಓದು. ಪ್ರತಿ ಪದಕ್ಕೂ ನಿಘಂಟು ತೆರೆಯಬೇಡ. ಮೂರು ಕಡೆ ಎದುರಾದ ಪದಕ್ಕೆ ಮಾತ್ರ ತೆರೆ. ಪುಸ್ತಕ ಮುಚ್ಚಿ, ಓದಿದ್ದನ್ನು ನಿನ್ನದೇ ವಾಕ್ಯಗಳಲ್ಲಿ ಬರೆ. ನಾನು ಹಾಗೆ ಬರೆದದ್ದನ್ನು ತೋಟದ ಯಜಮಾನರ ಮಗನಿಗೆ ಗಟ್ಟಿಯಾಗಿ ಹೇಳುತ್ತಿದ್ದೆ. ಅವನ ಮಾತೃಭಾಷೆಯೂ ಇಂಗ್ಲಿಷ್ ಅಲ್ಲವಾದ್ದರಿಂದ ಇಬ್ಬರೂ ನಿಧಾನವಾಗಿ, ಪೂರ್ತಿ ವಾಕ್ಯಗಳಲ್ಲಿ ಮಾತನಾಡುತ್ತಿದ್ದೆವು. ನಿನಗೆ ಅಂಥ ಒಬ್ಬ ಗೆಳತಿ ಸಿಗಲಿ.

ಜಮಖಂಡಿಯ ಗೆಳೆಯನೊಬ್ಬ ರಜೆಗೆ ಹೊರಟಿದ್ದಾನೆ. ಅವನ ಕೈಯಲ್ಲಿ ನನ್ನ ಆ ಮೊದಲ ಪುಸ್ತಕ, ಅವ್ವನಿಗೆ ಧೂಪ, ಮನೆಗೆ ಖರ್ಜೂರ ಕಳಿಸುತ್ತಿದ್ದೇನೆ. ಪುಸ್ತಕದ ಅಂಚುಗಳಲ್ಲಿ ನಾನು ಪೆನ್ಸಿಲ್ಲಿನಿಂದ ಕನ್ನಡದಲ್ಲಿ ಬರೆದಿದ್ದೇನೆ, ಅಳಿಸಬೇಡ. ಒಂದು ಭಾನುವಾರ ಅಪ್ಪನನ್ನು ಕರೆದುಕೊಂಡು ಸುರಂಗ ಬಾವಡಿಗೆ ಹೋಗು. ಈಗ ನೀರಿದೆಯೇ, ಕಿಂಡಿಬಾವಿಗಳು ಯಾವ ದಿಕ್ಕಿಗೆ ಸಾಲುಗಟ್ಟಿವೆ, ಅಕ್ಕಪಕ್ಕದ ಹೊಲದವರು ಅದರ ಬಗ್ಗೆ ಏನು ಹೇಳುತ್ತಾರೆ ಎಂಬುದನ್ನೆಲ್ಲ ಇಂಗ್ಲಿಷಿನಲ್ಲಿ ನನಗೆ ಬರೆ. ಅಪ್ಪ ಹೇಳಿದ್ದನ್ನೂ ಸೇರಿಸು. ಇಲ್ಲಿನ ಯಜಮಾನರ ಮಗ ಅದನ್ನು ಓದಲು ಕಾಯುತ್ತಿದ್ದಾನೆ. ನಮ್ಮೂರಿನಲ್ಲಿಯೂ ಫಲಜ್ ಇದೆ ಎಂದು ನಾನು ಅವನಿಗೆ ಹೇಳಿಬಿಟ್ಟಿದ್ದೇನೆ.

ಅಪ್ಪ, ಅವ್ವನಿಗೆ ನನ್ನ ನಮಸ್ಕಾರಗಳು.

ಇಂತಿ ನಿನ್ನ ಪ್ರೀತಿಯ
ಅಣ್ಣ