ರೈಲಿನಲ್ಲಿ ಲೆಕ್ಕ ಬಿಡಿಸಿದ ಅಣ್ಣನಿಗೆ

ಮೊನ್ನೆ ಮೈಸೂರು ರೈಲಿನಲ್ಲಿ ಎದುರಿಗೆ ಕೂತಿದ್ದ ಅಣ್ಣ, ನಿಮ್ಮ ಹೆಸರು ಕೇಳೋದೇ ಮರೆತೆ, ತುಂಬಾ ಥ್ಯಾಂಕ್ಸ್. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಕ್ಸಿಜನ್ ಅಣುಗಳ ಆರ್‌ಎಂಎಸ್ ವೇಗ, ಅಂದರೆ ಅವುಗಳ ಒಂದು ಬಗೆಯ ಸರಾಸರಿ ವೇಗ, ಕಂಡುಹಿಡಿಯೋ ಲೆಕ್ಕ. ಮೂರು ಸಲ ಮಾಡಿದರೂ ನನಗೆ ಸೆಕೆಂಡಿಗೆ 15 ಮೀಟರೇ ಬರುತ್ತಿತ್ತು. ನೀವು ಉತ್ತರ ಹೇಳಲಿಲ್ಲ. "ಬೈಕೇ ಇದಕ್ಕಿಂತ ಜೋರಾಗಿ ಹೋಗುತ್ತೆ ಅಲ್ವಾ, ಗಾಳಿಯಲ್ಲಿ ಶಬ್ದದ ವೇಗ ಎಷ್ಟು?" ಅಂದಿರಿ ಅಷ್ಟೇ. ಸೆಕೆಂಡಿಗೆ 340 ಮೀಟರಿನ ಹತ್ತಿರ ಅಂತ ಹೇಳುವಾಗಲೇ ನನಗೆ ನಾಚಿಕೆಯಾಯಿತು, ಶಬ್ದವನ್ನು ಸಾಗಿಸೋ ಅಣುಗಳೇ ಅದಕ್ಕಿಂತ ಅಷ್ಟು ನಿಧಾನ ಇರೋಕೆ ಆಗಲ್ಲವಲ್ಲ. 27 ಡಿಗ್ರಿಗೆ 300 ಕೆಲ್ವಿನ್ ಸರಿಯಾಗೇ ಹಾಕಿದ್ದೆ, ಆದರೆ ಮೋಲಾರ್ ದ್ರವ್ಯರಾಶಿ, ಅಂದರೆ ಒಂದು ಮೋಲ್ ಆಕ್ಸಿಜನ್ ತೂಕ, ಕಿಲೋಗ್ರಾಂಗೆ ಬದಲಾಗದೆ ಗ್ರಾಂನಲ್ಲೇ ಉಳಿದಿತ್ತು. ಕಡಲೆಕಾಯಿ ಪೊಟ್ಟಣದ ಕಾಗದದ ಮೇಲೆ ನೀವು 32 ಹೊಡೆದುಹಾಕಿ 0.032 ಬರೆದಿರಿ, ಉತ್ತರ ಸುಮಾರು 484 ಬಂತು. ಆ ಕಾಗದ ಇನ್ನೂ ನನ್ನ ಪುಸ್ತಕದಲ್ಲಿದೆ, ಉಪ್ಪಿನ ಸಮೇತ. ಮದ್ದೂರಿನಲ್ಲಿ ನೀವು ಕೊಡಿಸಿದ ವಡೆಯ ದುಡ್ಡು ಬಾಕಿ ಇದೆ ಅಣ್ಣ, ಸಿಕ್ಕರೆ ಕೊಡುತ್ತೇನೆ.